ದಿನಕ್ಕೆ 15 ಡಾಲರಿನ ಲೆಕ್ಕ

ಕಳೆದ ಭಾನುವಾರ ಬೆಳಿಗ್ಗೆ ಜರ್ಮನಿಯ ಸ್ಟುಟ್‌ಗಾರ್ಟ್‌ನಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಕರೆ ಬಂದಿತು. ಹತ್ತನೆಯ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು, ಲೆಕ್ಕದ ಉತ್ತರವನ್ನು ಸರಿಯಾಗಿ ಬರೆದು, ನಡುವಿನ ಹಂತಗಳನ್ನೆಲ್ಲ ಬಿಟ್ಟುಬಿಡುತ್ತಿದ್ದ ಹುಡುಗ. ಈಗ ಎರಡು ಮಕ್ಕಳ ತಂದೆ. ಬೇಸಿಗೆಯ ರಜೆಯಲ್ಲಿ ಸಂಸಾರ ಸಮೇತ ಅಮೆರಿಕದ ಪಶ್ಚಿಮ ಭಾಗವನ್ನು ಕಾರಿನಲ್ಲಿ ಸುತ್ತಲು ಹೊರಟಿದ್ದಾನೆ. 2018ರಲ್ಲಿ ನಾನೂ ನನ್ನ ಪತ್ನಿಯೂ ಮಗಳು ಅಳಿಯಂದಿರೊಡನೆ ಅದೇ ದಾರಿಯಲ್ಲಿ ಹೋಗಿದ್ದುದು ಅವನಿಗೆ ಹೇಗೋ ತಿಳಿದಿತ್ತು. ಏನೇನು ನೋಡಬೇಕು ಸರ್ ಎಂದು ಕೇಳಿದ. ಗ್ರ್ಯಾಂಡ್ ಕ್ಯಾನಿಯನ್ನಿನ ಮಾತನ್ನು ಎತ್ತುವ ಮೊದಲು ನಾನು, "ಕಾರಿನ ವಿಮೆ ಯಾವ ಬಗೆಯದಪ್ಪ?" ಎಂದು ಕೇಳಿದೆ.

"ಫುಲ್ ಕವರ್ ಇದೆ ಸರ್."

"ಯಾವುದಕ್ಕೆ ಫುಲ್?"

ಸ್ವಲ್ಪ ಹೊತ್ತು ಸದ್ದಿಲ್ಲ. "ಕಾರಿಗೆ ಸರ್" ಎಂದ. ಹಂತಗಳನ್ನು ಬಿಡುವ ಅಭ್ಯಾಸ ಇನ್ನೂ ಹೋಗಿಲ್ಲ!

ಅವನನ್ನು ಹಾಸ್ಯ ಮಾಡುವ ಅಧಿಕಾರ ನನಗಿಲ್ಲವೆಂಬುದನ್ನು ಈ ಬರಹ ಓದಿದವರು ತಾವೇ ತಿಳಿಯುವರು. ವಿವರವಾಗಿ ಬರೆದು ತಿಳಿಸುತ್ತೇನೆಂದು ಅವನಿಗೆ ಮಾತು ಕೊಟ್ಟೆ. ಯೂರೋಪಿನಲ್ಲಿ ನೆಲೆಸಿರುವ ನನ್ನ ಇತರ ವಿದ್ಯಾರ್ಥಿಗಳಿಗೂ, ಅವರನ್ನು ನೋಡಲು ಹೋಗುವ ನನ್ನಂಥ ತಂದೆತಾಯಿಗಳಿಗೂ ಉಪಯೋಗವಾಗಬಹುದೆಂದು ಇಲ್ಲಿಯೇ ಬರೆಯುತ್ತಿದ್ದೇನೆ.

ನಾವು ಇಳಿದದ್ದು ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿ. ಮೇ ತಿಂಗಳು. ಹೊರಗೆ ನಮ್ಮ ರಾಯಚೂರಿನ ಬಿಸಿಲು. ವಿಮಾನ ನಿಲ್ದಾಣದಿಂದ ಬಸ್ಸಿನಲ್ಲಿ ಕರೆದೊಯ್ದು ಬಾಡಿಗೆ ಕಾರುಗಳಿಗೆಂದೇ ಕಟ್ಟಿರುವ ದೊಡ್ಡ ಕಟ್ಟಡದಲ್ಲಿ ಬಿಟ್ಟರು. ಒಂದು ದಿನವಿಡೀ ಪ್ರಯಾಣ ಮಾಡಿ ಬಂದವರು ನಾವು. ಮೊಮ್ಮಗಳು ಸೂಟ್‌ಕೇಸಿನ ಮೇಲೆಯೇ ನಿದ್ರೆ ಹೋಗಿದ್ದಳು. ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತ ಮೇಲೆ ಕೌಂಟರಿನ ಯುವತಿ ನಗುನಗುತ್ತ ಒಂದೊಂದಾಗಿ ಕೇಳತೊಡಗಿದಳು: ಕಾರಿನ ಹಾನಿಗೆ ರಕ್ಷಣೆ ಬೇಕೇ? ಬೇಡ, ಅಳಿಯಂದಿರ ಗೋಲ್ಡ್ ಕಾರ್ಡಿನಲ್ಲಿ ಅದಿದೆ. ದಾರಿಯಲ್ಲಿ ಚಕ್ರ ಕೆಟ್ಟರೆ ನೆರವು ಬೇಕೇ? ಅದೊಂದಿರಲಿ. ಮೂರನೆಯ ಪ್ರಶ್ನೆ ಹೊಣೆಗಾರಿಕೆಯ ವಿಮೆಯನ್ನು ಕುರಿತದ್ದು. ದಿನಕ್ಕೆ 15 ಡಾಲರ್.

ಅಳಿಯಂದಿರು ನನ್ನ ಕಡೆಗೆ ತಿರುಗಿ, "ಮಾವ, ಇನ್ನೊಂದು ಇದೆಯಂತೆ, ದಿನಕ್ಕೆ 15 ಡಾಲರ್. ತೆಗೆದುಕೊಳ್ಳಲೇ?" ಎಂದರು.

ಮೂವತ್ತನಾಲ್ಕು ವರ್ಷ ಗಣಿತ ಕಲಿಸಿದವನಿಗೆ ಗುಣಾಕಾರ ಎಷ್ಟು ಹೊತ್ತಿನ ಮಾತು? 18 ದಿನಕ್ಕೆ 270 ಡಾಲರ್, ಆಗಿನ ದರದಲ್ಲಿ ಸುಮಾರು 18,000 ರೂಪಾಯಿ. "ಅಷ್ಟು ಹಣವನ್ನು ಸುಮ್ಮನೆ ಏಕೆ ಕೊಡುತ್ತೀರಿ? ನೀವು ನಿಧಾನವಾಗಿ ಓಡಿಸುವವರು. ಹೇಗೂ ಎಲ್ಲ ಕಾರಿಗೂ ಇನ್ಶೂರೆನ್ಸ್ ಇದ್ದೇ ಇರುತ್ತದಲ್ಲ" ಎಂದೆ. ಅವರು ಹಿರಿಯರ ಮಾತಿಗೆ ಎದುರಾಡುವವರಲ್ಲ. ಪುಟ್ಟ ಪರದೆಯ ಮೇಲೆ 'ಬೇಡ' ಎಂಬುದನ್ನು ಒತ್ತಿ ಸಹಿ ಮಾಡಿದರು.

"ಎಲ್ಲ ಕಾರಿಗೂ ಇದ್ದೇ ಇರುತ್ತದೆ" ಎಂಬ ನನ್ನ ಮಾತು ಜರ್ಮನಿಯಲ್ಲಾಗಿದ್ದರೆ ತಪ್ಪಾಗುತ್ತಿರಲಿಲ್ಲ. ಯೂರೋಪಿನಿಂದ ಹೋದವರು ಎಡವುವುದು ಇಲ್ಲಿಯೇ. ಜರ್ಮನಿಯ ಕಾನೂನಿನಂತೆ, ಒಂದು ವಾಹನದಿಂದ ಇತರರ ದೇಹಕ್ಕಾದ ಹಾನಿಗೆ ಕನಿಷ್ಠ 75 ಲಕ್ಷ ಯೂರೋಗಳ ವಿಮೆ ಇರಲೇಬೇಕು. ಬಹಳಷ್ಟು ಪಾಲಿಸಿಗಳು 10 ಕೋಟಿ ಯೂರೋವರೆಗೆ ಹೊಣೆ ಹೊರುತ್ತವೆ. ಯೂರೋಪಿಯನ್ ಒಕ್ಕೂಟದ ನಿರ್ದೇಶನದ ಕನಿಷ್ಠ ಮೊತ್ತವೂ ಒಂದು ಅಪಘಾತಕ್ಕೆ 64.5 ಲಕ್ಷ ಯೂರೋ. ಬ್ರಿಟನ್ನಿನಲ್ಲಂತೂ ದೇಹಹಾನಿಗೆ ಮೇಲ್ಮಿತಿಯೇ ಇಲ್ಲ. ನಮ್ಮಲ್ಲಿ ಎಲ್ಲರೂ ಥರ್ಡ್ ಪಾರ್ಟಿ ಎಂದು ಕರೆಯುವ ಕಡ್ಡಾಯ ವಿಮೆಗೂ ಸಾವುನೋವುಗಳ ವಿಷಯದಲ್ಲಿ ಮಿತಿಯಿಲ್ಲ. ಹೀಗೆ ಇದು ಗಾಳಿಯಂತೆ ಸದಾ ಸುತ್ತಲೂ ಇರುವುದರಿಂದ, ಇನ್ನೊಂದು ದೇಶದಲ್ಲಿ ಇದು ಇಲ್ಲದಿರಬಹುದೆಂಬ ಯೋಚನೆಯೇ ಬರುವುದಿಲ್ಲ. ಕಾರಿಗೆ ಗೀರು ಬಿದ್ದರೆ ಏನು ಗತಿ ಎಂದಷ್ಟೇ ಚಿಂತಿಸುತ್ತೇವೆ.

ಅಮೆರಿಕದಲ್ಲಿ ಈ ಕನಿಷ್ಠ ಮೊತ್ತವನ್ನು ನಿರ್ಧರಿಸುವುದು ಆಯಾ ರಾಜ್ಯ. ನಾವು ಹೋದಾಗ ಅರಿಜೋನಾದಲ್ಲಿ ಅದು ಒಬ್ಬ ಗಾಯಾಳುವಿಗೆ 15,000 ಡಾಲರ್, ಒಂದು ಅಪಘಾತದ ಎಲ್ಲ ಗಾಯಾಳುಗಳಿಗೆ ಒಟ್ಟು 30,000, ವಸ್ತುಹಾನಿಗೆ 10,000. ಈ ಮೊತ್ತಗಳು 2020ರ ಜುಲೈನಿಂದ ಕ್ರಮವಾಗಿ 25,000, 50,000 ಮತ್ತು 15,000 ಆಗಿವೆ. ಸಿರಿವಂತ ರಾಜ್ಯವಾದ ಕ್ಯಾಲಿಫೋರ್ನಿಯಾದಲ್ಲಿ 2024ರ ಕೊನೆಯವರೆಗೂ 15,000 ಮತ್ತು 30,000ವೇ ಇದ್ದು, 2025ರ ಜನವರಿ 1ರಿಂದ 30,000 ಮತ್ತು 60,000ಕ್ಕೆ ಏರಿದೆ. ನ್ಯೂ ಹ್ಯಾಂಪ್‌ಷೈರ್ ರಾಜ್ಯದಲ್ಲಿ ಸಾಮಾನ್ಯ ಕಾರು ಮಾಲೀಕನಿಗೆ ವಿಮೆ ಕಡ್ಡಾಯವೇ ಅಲ್ಲ. ಆಸ್ಪತ್ರೆಯ ಖರ್ಚು ಜಗತ್ತಿನಲ್ಲೆಲ್ಲ ಹೆಚ್ಚಾಗಿರುವ ದೇಶದಲ್ಲಿ ಈ ಮೊತ್ತ ಎಷ್ಟು ದಿನ ಬಂದೀತು? ಬಾಡಿಗೆ ಕಂಪನಿ ತಾನಾಗಿ ಕೊಡುವುದು ಹೆಚ್ಚೆಂದರೆ ಈ ಕನಿಷ್ಠವನ್ನು ಮಾತ್ರ. ಮೇಲಿನದೆಲ್ಲ ಓಡಿಸಿದವನ ತಲೆಗೆ.

ಕಾರು ಕಂಪನಿಯದಲ್ಲವೇ, ಅದೂ ಹೊಣೆಯಲ್ಲವೇ ಎಂದು ಕೆಲವರು ಕೇಳಬಹುದು. ಹಿಂದೆ ಕೆಲವು ರಾಜ್ಯಗಳಲ್ಲಿ ಹಾಗೆ ಇತ್ತು. 2005ರಲ್ಲಿ ಅಮೆರಿಕದ ಕಾಂಗ್ರೆಸ್ಸು ಗ್ರೇವ್ಸ್ ತಿದ್ದುಪಡಿ ಎಂಬ ಕಾನೂನು ಮಾಡಿ, ಕಂಪನಿಯದೇ ಆದ ಅಜಾಗರೂಕತೆ ಇಲ್ಲದಿದ್ದರೆ ಕೇವಲ ಮಾಲೀಕತ್ವದ ಕಾರಣಕ್ಕೆ ಅದನ್ನು ಹೊಣೆ ಮಾಡಕೂಡದೆಂದು ವಿಧಿಸಿತು.

ಇದೆಲ್ಲ ನಾನು ಆಮೇಲೆ ಓದಿ ತಿಳಿದದ್ದು. ಓದುವ ಹಸಿವು ಹುಟ್ಟಿದ್ದು ಫ್ಲ್ಯಾಗ್‌ಸ್ಟಾಫ್ ಎಂಬ ಊರಿನಲ್ಲಿ.

ಪೈನ್ ಮರಗಳ ನಡುವೆ, ಸುಮಾರು 2,100 ಮೀಟರ್ ಎತ್ತರದಲ್ಲಿರುವ ತಂಪಾದ ಊರು ಅದು. ಪೇಟೆಯ ಮಧ್ಯದಲ್ಲೇ ರೈಲುಹಳಿ ಹಾದುಹೋಗುತ್ತದೆ. ನಾಲ್ಕನೆಯ ದಿನ ಬೆಳಿಗ್ಗೆ ತಿಂಡಿ ಮುಗಿಸಿ ಗ್ರ್ಯಾಂಡ್ ಕ್ಯಾನಿಯನ್ನಿಗೆ ಹೊರಟಿದ್ದೆವು. ಒಂದು ಚೌಕದಲ್ಲಿ ಕೆಂಪು ದೀಪ. ಅಮೆರಿಕದಲ್ಲಿ ನಿಷೇಧದ ಫಲಕ ಇಲ್ಲದ ಕಡೆ, ಕೆಂಪು ದೀಪವಿದ್ದಾಗಲೂ ಒಮ್ಮೆ ನಿಂತು ನೋಡಿ ಬಲಕ್ಕೆ ತಿರುಗಬಹುದು. ಜರ್ಮನಿಯಲ್ಲಿ ಹಸಿರು ಬಾಣದ ಫಲಕವಿದ್ದ ಕಡೆ ಮಾತ್ರ ಅದಕ್ಕೆ ಅವಕಾಶ. ಅಳಿಯಂದಿರು ನಿಲ್ಲಿಸಿದರು. ವಾಹನಗಳು ಬರುವುದು ಎಡದಿಂದ, ಎಡಕ್ಕೆ ನೋಡಿದರು, ಯಾರೂ ಇರಲಿಲ್ಲ, ನಿಧಾನವಾಗಿ ತಿರುಗಿಸಿದರು. ಅದೇ ಕ್ಷಣದಲ್ಲಿ ಬಲಗಡೆಯ ಕಾಲುದಾರಿಯಿಂದ ಸೈಕಲ್ಲಿನಲ್ಲಿ ಒಬ್ಬ ವೃದ್ಧರು ರಸ್ತೆ ದಾಟಲು ಇಳಿದರು.

ನಡೆಯುವ ವೇಗವಷ್ಟೇ ಇತ್ತು ಕಾರಿಗೆ. ಸದ್ದೂ ದೊಡ್ಡದಾಗಿರಲಿಲ್ಲ. ಅವರು ಪಕ್ಕಕ್ಕೆ ಬಿದ್ದು, ಕೈಯೂರಿದರು. ಬುಟ್ಟಿಯಲ್ಲಿದ್ದ ಹಾಲಿನ ಡಬ್ಬ ಒಡೆದು ರಸ್ತೆಯ ಮೇಲೆ ಹರಿಯಿತು. ನನ್ನ ಕಣ್ಣಿಗೆ ಈಗಲೂ ಕಾಣುವುದು ಆ ಹಾಲೇ. ಅವರು ಎದ್ದು ಕುಳಿತು, ಏನೂ ಆಗಿಲ್ಲ, ಏನೂ ಆಗಿಲ್ಲ ಎನ್ನುತ್ತಿದ್ದರು. ಮುಖ ಮಾತ್ರ ಸುಣ್ಣದಂತಾಗಿತ್ತು. ಮಗಳು ಓಡಿಹೋಗಿ ಅವರ ಬೆನ್ನಿಗೆ ಆನಿಕೊಟ್ಟು ಕುಳಿತಳು. ಆಂಬುಲೆನ್ಸ್ ಬಂದಿತು, ಪೊಲೀಸರು ಬಂದರು. ಬಹಳ ಮರ್ಯಾದೆಯಿಂದಲೇ ಮಾತನಾಡಿದ ಪೊಲೀಸ್ ಅಧಿಕಾರಿ ಕೇಳಿದ ಮೊದಲ ಪ್ರಶ್ನೆಗಳಲ್ಲಿ ಒಂದು, ಇವರ ಹೊಣೆಗಾರಿಕೆಯ ವಿಮೆ ಯಾವುದು ಎಂಬುದು. ಅಳಿಯಂದಿರು ಡ್ಯಾಶ್‌ಬೋರ್ಡಿನ ಖಾನೆಯಿಂದ ಬಾಡಿಗೆಯ ಕರಾರುಪತ್ರ ತೆಗೆದುಕೊಟ್ಟರು. ನಮ್ಮ ಕಾರಿಗೆ ಸರ್ವ ರಕ್ಷಣೆಯೂ ಇತ್ತು. ಕಾರಿಗೆ ಒಂದು ಗೀರೂ ಬಿದ್ದಿರಲಿಲ್ಲ.

ಆ ರಾತ್ರಿ ವಸತಿಗೃಹದಲ್ಲಿ ಅಳಿಯಂದಿರು ಆ ಕರಾರುಪತ್ರದ ಸಣ್ಣ ಅಕ್ಷರಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ನಾನು ಮಂಚದ ಮೇಲೆ ಮಲಗಿ ನಿದ್ರೆಯ ನಟನೆ ಮಾಡುತ್ತಿದ್ದೆ. ರಾಜ್ಯದ ಕಾನೂನು ಹೇಳುವ ಕನಿಷ್ಠದಷ್ಟು ಮಾತ್ರ ರಕ್ಷಣೆ ಎಂದು ಅದರಲ್ಲಿತ್ತು. ಮಗಳು ಮೆಲುದನಿಯಲ್ಲಿ, "ಮೂಳೆಗೆ ಆಪರೇಷನ್ ಆಗಬೇಕಾದರೆ ಎಷ್ಟಾಗಬಹುದು?" ಎಂದು ಕೇಳಿದಳು. ಅವರು ಉತ್ತರ ಕೊಡಲಿಲ್ಲ. ಆಗಷ್ಟೇ ಸ್ಟುಟ್‌ಗಾರ್ಟ್ ಬಳಿ ಸಾಲ ಮಾಡಿ ಮನೆ ಕೊಂಡಿದ್ದರು. ಜರ್ಮನಿಗೆ ಹಿಂತಿರುಗಿದರೆ ಅಮೆರಿಕದ ತೀರ್ಪು ಅಲ್ಲಿಗೆ ಮುಟ್ಟುವುದಿಲ್ಲವೆಂದು ಕೆಲವರು ಭಾವಿಸಿರುತ್ತಾರೆ. ಅದು ಪೂರ್ತಿ ನಿಜವಲ್ಲ. ಅಮೆರಿಕದ ನ್ಯಾಯಾಲಯಗಳು ವಿಧಿಸುವ ದಂಡರೂಪದ ದೊಡ್ಡ ಪರಿಹಾರಗಳನ್ನು ಜಾರಿ ಮಾಡಲಾಗದೆಂದು ಜರ್ಮನಿಯ ಸರ್ವೋಚ್ಚ ನ್ಯಾಯಾಲಯ 1992ರಲ್ಲಿ ಹೇಳಿತಾದರೂ, ಚಿಕಿತ್ಸೆಯ ವೆಚ್ಚ, ನೋವಿನ ಪರಿಹಾರ ಮುಂತಾದ ನಿಜವಾದ ನಷ್ಟದ ಭಾಗಕ್ಕೆ ಆ ರಕ್ಷಣೆ ಕೊಡಲಿಲ್ಲ. ಅದು ಹೇಗಾದರೂ ಇರಲಿ. ಆ ಮುದುಕರಿಗೆ ನ್ಯಾಯವಾಗಿ ಸಲ್ಲಬೇಕಾದುದನ್ನು ತಪ್ಪಿಸಿಕೊಂಡು ಓಡುವ ಯೋಚನೆ ಮಾಡುವಂಥವರಲ್ಲ ನನ್ನ ಅಳಿಯಂದಿರು.

ಮುರಿದಿದ್ದು ಮಣಿಕಟ್ಟಿನ ಒಂದು ಮೂಳೆ. ಶಸ್ತ್ರಚಿಕಿತ್ಸೆ ಬೇಕಾಗಲಿಲ್ಲ, ಪ್ಲಾಸ್ಟರ್ ಹಾಕಿದರು. ನಾಲ್ಕೈದು ತಿಂಗಳ ಪತ್ರವ್ಯವಹಾರದ ನಂತರ ಆಂಬುಲೆನ್ಸು, ತುರ್ತು ವಿಭಾಗ, ಎಕ್ಸ್‌ರೇ, ಫಿಸಿಯೋಥೆರಪಿ, ನೋವಿನ ಪರಿಹಾರ ಎಲ್ಲ ಸೇರಿ 11,800 ಡಾಲರಿಗೆ ಪ್ರಕರಣ ಮುಗಿಯಿತೆಂಬ ಪತ್ರ ಜರ್ಮನಿಗೆ ಬಂದಿತು. 15,000ದ ಗೆರೆಯೊಳಗೆ 3,200 ಡಾಲರಿನ ಅಂತರದಲ್ಲಿ ನಾವು ಉಳಿದೆವು. ಒಂದು ಮಣಿಕಟ್ಟಿಗೆ ಅಷ್ಟು. ಸೊಂಟದ ಮೂಳೆಯೋ ತಲೆಯೋ ಆಗಿದ್ದರೆ? ನಾನು ಕೌಂಟರಿನ ಬಳಿ ಮಾಡಿದ ಗುಣಾಕಾರದಲ್ಲಿ ತಪ್ಪಿರಲಿಲ್ಲ. ಲೆಕ್ಕದ ಒಂದು ಪಕ್ಕವನ್ನಷ್ಟೇ ಮಾಡಿದ್ದೆ. ಪರೀಕ್ಷೆಯಲ್ಲಿ ಹಾಗೆ ಬರೆದವರಿಗೆ ನಾನು ಎಷ್ಟು ಅಂಕ ಕಳೆಯುತ್ತಿದ್ದೆನೆಂದು ನಿಮ್ಮಲ್ಲಿ ಹಲವರಿಗೆ ನೆನಪಿರಬೇಕು. ಅಳಿಯಂದಿರು ಈವರೆಗೆ ಒಮ್ಮೆಯೂ "ಮಾವ, ನೀವು ಬೇಡವೆಂದಿರಿ" ಎಂಬ ಮಾತನ್ನು ಎತ್ತಿಲ್ಲ. ಎತ್ತಿದ್ದರೆ ನನಗೆ ಹಗುರವಾಗುತ್ತಿತ್ತೋ ಏನೋ.

ಇನ್ನು ಹೊರಡುವವರಿಗೆ ಬೇಕಾದ ಸಂಗತಿಗಳು.

ನಾವು ಕಾರನ್ನು ಗೊತ್ತುಮಾಡಿದ್ದು ಕಂಪನಿಯ ಅಮೆರಿಕನ್ ಪುಟದಲ್ಲಿ, ಬೆಲೆ ಕಡಿಮೆ ಕಂಡಿತೆಂದು. ಅದೇ ಕಂಪನಿಯ ಜರ್ಮನ್ ಪುಟದಲ್ಲಿ ಅದೇ ಕಾರಿಗೆ ಬೆಲೆ ಹೆಚ್ಚು ಕಾಣುತ್ತದೆ. ಕಾರಣವೇನೆಂದರೆ, ಅಮೆರಿಕನ್ ನಿವಾಸಿಗೆ ಸ್ವಂತ ಕಾರಿನ ವಿಮೆ ಇರುತ್ತದೆ, ಅದು ಬಹುಮಟ್ಟಿಗೆ ಬಾಡಿಗೆ ಕಾರಿಗೂ ಅನ್ವಯಿಸುತ್ತದೆ. ಆದ್ದರಿಂದ ಅವನಿಗೆ ಬರಿಯ ಕಾರನ್ನು ಮಾರುತ್ತಾರೆ. ಯೂರೋಪಿನ ನಿವಾಸಿಗೆ ಅದಿಲ್ಲವೆಂದು ಗೊತ್ತಿರುವುದರಿಂದ, ಅಲ್ಲಿ ಮಾರುವ ದರದಲ್ಲಿ ಸಾಮಾನ್ಯವಾಗಿ ಕಾರಿನ ಹಾನಿಯ ಮನ್ನಾ, ಜೊತೆಗೆ ಹತ್ತು ಲಕ್ಷ ಡಾಲರಿನ ಆಸುಪಾಸಿನ ಹೊಣೆಗಾರಿಕೆಯ ವಿಮೆ ಎರಡೂ ಸೇರಿರುತ್ತವೆ. ಯಾವ ದೇಶದ ನಿವಾಸಿ ಎಂಬ ಪ್ರಶ್ನೆಗೆ ನಿಜವನ್ನೇ ಹೇಳಿ, ವಾಸಿಸುವ ದೇಶದಿಂದಲೇ ಗೊತ್ತುಮಾಡುವುದು ಮೊದಲ ಹಾಗೂ ಸುಲಭದ ದಾರಿ. ಆದರೆ ಎಲ್ಲ ದರದಲ್ಲಿಯೂ ಅಷ್ಟೇ ಮೊತ್ತವಿರುವುದಿಲ್ಲ. ವೋಚರಿನಲ್ಲಿ ಹೊಣೆಗಾರಿಕೆಯ ಸಾಲನ್ನು ಹುಡುಕಿ, ಎದುರಿಗಿರುವ ಅಂಕಿಯನ್ನು ಓದಬೇಕು. ಅಂಕಿ ಇಲ್ಲದಿದ್ದರೆ ವಿಮೆಯೂ ಇಲ್ಲವೆಂದೇ ತಿಳಿಯಬೇಕು.

ಸಿ.ಡಿ.ಡಬ್ಲ್ಯೂ. ಅಥವಾ ಎಲ್.ಡಿ.ಡಬ್ಲ್ಯೂ. ಎಂದು ಬರೆದಿರುವುದು ಕಾರಿಗೆ ಸಂಬಂಧಿಸಿದ್ದು. ಇದು ವಾಸ್ತವವಾಗಿ ವಿಮೆಯೇ ಅಲ್ಲ. ನಮ್ಮ ಶಾಲೆಯ ಪ್ರಯೋಗಾಲಯದಲ್ಲಿ ಪ್ರನಾಳ ಒಡೆದವರಿಂದ ಹಣ ವಸೂಲಿ ಮಾಡುತ್ತಿದ್ದುದು ನೆನಪಿದೆಯೇ? ವರ್ಷದ ಮೊದಲೇ ಸ್ವಲ್ಪ ಹಣ ಕಟ್ಟಿಸಿಕೊಂಡು, ಒಡೆದರೂ ನಿನ್ನಿಂದ ಕೇಳುವುದಿಲ್ಲ ಎಂದು ಚೀಟಿ ಬರೆದುಕೊಟ್ಟಂತೆ ಇದು. ಚೀಟಿಗೆ ಷರತ್ತುಗಳಿವೆ: ಕರಾರಿನಲ್ಲಿ ಹೆಸರಿಲ್ಲದವರು ಓಡಿಸಿದರೆ, ಕುಡಿದು ಓಡಿಸಿದರೆ, ಡಾಂಬರಿಲ್ಲದ ರಸ್ತೆಗೆ ಇಳಿಸಿದರೆ ಚೀಟಿ ರದ್ದಾಗುತ್ತದೆ. ಮೂರನೆಯದು ಪ್ರವಾಸಿಗಳಿಗೆ ಮುಖ್ಯ. ಮಾನ್ಯುಮೆಂಟ್ ವ್ಯಾಲಿಯೊಳಗಿನ 17 ಮೈಲಿಯ ಸುತ್ತು ಪೂರ್ತಿ ಮಣ್ಣಿನ ದಾರಿ. ಎಲ್ಲರೂ ಅಲ್ಲಿ ಬಾಡಿಗೆ ಕಾರನ್ನೇ ಇಳಿಸುತ್ತಾರೆ. ಅಷ್ಟು ಹೊತ್ತಿಗೆ ಬುದ್ಧಿ ಬಂದಿದ್ದ ನಾವು ನವಾಹೋ ಜನರ ಜೀಪಿನಲ್ಲಿ ಹೋದೆವು. ಚಾಲಕ ಹೇಳಿದ ಕಥೆಗಳಿಂದ ಆ ಖರ್ಚು ಸಾರ್ಥಕವೂ ಆಯಿತು. ಮಗಳೂ ಓಡಿಸುವುದಾದರೆ ಅವಳ ಹೆಸರು ಕರಾರಿನಲ್ಲಿರಬೇಕು. ಕ್ಯಾಲಿಫೋರ್ನಿಯಾದ ಕಾನೂನು ಪತಿಪತ್ನಿಯರ ಮಟ್ಟಿಗೆ ಉದಾರವಾಗಿದೆ, ಎಲ್ಲ ರಾಜ್ಯಗಳೂ ಹಾಗಲ್ಲ.

ಇದೇ ರಕ್ಷಣೆ ಕಾರ್ಡಿನಲ್ಲಿಯೂ ಇರಬಹುದು, ಮಧ್ಯವರ್ತಿ ಜಾಲತಾಣಗಳು ಮಾರುವ ಪಾಲಿಸಿಯಲ್ಲಿಯೂ ಇರಬಹುದು. ಇವೆರಡರಲ್ಲಿಯೂ ಸಾಮಾನ್ಯವಾಗಿ ಮೊದಲು ನಾವು ಕಂಪನಿಗೆ ಹಣ ತೆತ್ತು, ರಸೀದಿಗಳನ್ನು ಕಳುಹಿಸಿ, ಆಮೇಲೆ ಹಿಂಪಡೆಯಬೇಕು. ಕಾರ್ಡಿನ ರಕ್ಷಣೆಗೆ ಬಾಡಿಗೆಯನ್ನು ಅದೇ ಕಾರ್ಡಿನಿಂದ ಕಟ್ಟಿರಬೇಕೆಂಬ ಷರತ್ತು ಬಹುತೇಕ ಇದ್ದೇ ಇರುತ್ತದೆ. ಕೌಂಟರಿನವರಿಗೆ ಈ ಪಾಲಿಸಿಗಳ ಗೊಡವೆಯಿಲ್ಲ. ನಿಮ್ಮ ಬಳಿ ಏನೂ ಇಲ್ಲವೆಂಬಂತೆ ತಮ್ಮದನ್ನು ಮಾರುತ್ತಾರೆ. ದಣಿದವರು ಅರ್ಥವಾಗದೆ ಸಹಿ ಮಾಡಿ, ಒಂದೇ ಕಾರಿಗೆ ಎರಡು ಬಾರಿ ತೆತ್ತದ್ದನ್ನು ಊರಿಗೆ ಬಂದ ಮೇಲೆ ತಿಳಿಯುವುದುಂಟು. ಇದರಿಂದ ಹೋಗುವುದು ಒಂದಿಷ್ಟು ಹಣ ಮಾತ್ರ. ಆದರೆ ಗಮನಿಸಿ: ಕಾರ್ಡಿನ ರಕ್ಷಣೆ ಎಂಬುದರಲ್ಲಿ ಎದುರಿನ ಮನುಷ್ಯನ ಮಾತೇ ಸಾಮಾನ್ಯವಾಗಿ ಇರುವುದಿಲ್ಲ.

ಆ ಮನುಷ್ಯನಿಗಾಗಿ ಇರುವುದು ಎಸ್.ಎಲ್.ಐ. ಕೌಂಟರಿನಲ್ಲಿ ಕೊಳ್ಳಬಹುದು, ಯೂರೋಪಿನಲ್ಲಿಯೇ ಬೇರೆಯಾಗಿಯೂ ಕೊಳ್ಳಬಹುದು. ಜರ್ಮನಿಯಲ್ಲಿ 'ಮಯೋರ್ಕಾ ಪಾಲಿಸಿ' ಎಂಬ ಸೊಗಸಾದ ಹೆಸರಿನ ಒಂದು ಸೌಲಭ್ಯವಿದೆ. ಜರ್ಮನರು ರಜೆಗೆ ಮುಗಿಬೀಳುವ ಸ್ಪೇನಿನ ದ್ವೀಪದ ಹೆಸರು ಅದು. ಪರದೇಶದ ಬಾಡಿಗೆ ಕಾರಿನ ಕಡಿಮೆ ವಿಮೆಯನ್ನು ನಮ್ಮ ಸ್ವಂತ ಕಾರಿನ ಪಾಲಿಸಿ ತುಂಬಿಕೊಡುತ್ತದೆ. ಅಳಿಯಂದಿರ ಪಾಲಿಸಿಯಲ್ಲಿ ಅದಿತ್ತು. ಆ ರಾತ್ರಿ ಅದನ್ನೇ ನೆಚ್ಚಿದ್ದರು. ಓದಿದರೆ ಅದರ ವ್ಯಾಪ್ತಿ ಯೂರೋಪಿಗೆ ಮಾತ್ರ. ಅಮೆರಿಕಕ್ಕೆ 'ಟ್ರಾವೆಲರ್ ಪಾಲಿಸಿ' ಎಂಬ ಬೇರೆಯದನ್ನೇ ಹೊರಡುವ ಮೊದಲು ಮಾಡಿಸಬೇಕು.

ಇದ್ಯಾವುದೂ ನಮ್ಮದೇ ಗಾಯಕ್ಕೆ ಒದಗುವುದಿಲ್ಲ. ಅಮೆರಿಕದಲ್ಲಿ ವಿಮೆಯಿಲ್ಲದೆ ಓಡಿಸುವವರು ಎಂಟಕ್ಕೊಬ್ಬರೆಂದು ಅಲ್ಲಿನ ವಿಮಾ ಸಂಶೋಧಕರು 2019ರ ಸ್ಥಿತಿಯನ್ನು ಕುರಿತು ಅಂದಾಜು ಮಾಡಿದ್ದರು; ತಪ್ಪು ಅವರದ್ದಾದರೂ ಆಸ್ಪತ್ರೆಯ ಬಿಲ್ಲು ನಮ್ಮ ಕೈಗೇ ಬರಬಹುದು. ಜರ್ಮನಿಯ ಸರ್ಕಾರಿ ಆರೋಗ್ಯ ವಿಮೆ ಅಮೆರಿಕದಲ್ಲಿ ನಡೆಯುವುದಿಲ್ಲ, ಪ್ರವಾಸದ ಆರೋಗ್ಯ ವಿಮೆ ಬೇಕು. ನನ್ನ ಓರಗೆಯವರಿಗೆ ಒಂದು ಮಾತು: ಷೆಂಗೆನ್ ವೀಸಾಕ್ಕಾಗಿ ನಾವು ಮಾಡಿಸುವ ಕನಿಷ್ಠ 30,000 ಯೂರೋಗಳ ಪಾಲಿಸಿ ಆ ದೇಶಗಳಿಗಾಗಿ ಮಾಡಿಸಿದ್ದು. ಮಕ್ಕಳೊಡನೆ ಅಲ್ಲಿಂದ ಅಮೆರಿಕಕ್ಕೆ ಹಾರುವುದಾದರೆ, ಅಮೆರಿಕವೂ ಸೇರಿದ ಪಾಲಿಸಿಯೇ ಆಗಬೇಕು. ಅದನ್ನು ಮಾತ್ರ ನಾನು ಮರೆತಿರಲಿಲ್ಲ. ನನ್ನ ದೇಹದ ಚಿಂತೆ ನನಗಿತ್ತು, ನೋಡಿ.

ಮೊನ್ನೆ ರಾತ್ರಿ ಆ ಹುಡುಗ ಮತ್ತೆ ಕರೆ ಮಾಡಿದ. ವೋಚರನ್ನು ಮುಂದಿಟ್ಟುಕೊಂಡು ಸಾಲು ಸಾಲಾಗಿ ಓದಿಹೇಳಿದ. ಗಾಜು ಇದೆ, ಟೈರು ಇದೆ, ಬೀಗದ ಕೈ ಕಳೆದರೆ ಅದಕ್ಕೂ ಇದೆ. ಹೊಣೆಗಾರಿಕೆ ಎಂಬ ಸಾಲಿನ ಎದುರು, 'ಸ್ಥಳೀಯ ಕಾನೂನಿನ ಕನಿಷ್ಠದಂತೆ' ಎಂದಷ್ಟೇ ಇತ್ತು. ಹತ್ತು ಲಕ್ಷ ಡಾಲರಿನವರೆಗೆ ಏರಿಸಲು 21 ದಿನಕ್ಕೆ ಎಷ್ಟಾಗುತ್ತದೆಂದು ವಿಚಾರಿಸಿಟ್ಟಿದ್ದ. ಮೊತ್ತವನ್ನು ಹೇಳಿ, "ತೆಗೆದುಕೊಳ್ಳಲೇ ಸರ್?" ಎಂದ.

ತೆಗೆದುಕೋ ಎಂದೆ. ಕೆಂಪು ದೀಪದಲ್ಲಿ ಬಲಕ್ಕೆ ತಿರುಗುವಾಗ ಬಲಗಡೆಯ ಕಾಲುದಾರಿಯನ್ನೂ ನೋಡಪ್ಪ ಎಂದೂ ಹೇಳಿದೆ.